ಸದನದ ಪ್ರಶ್ನೆ ಊರಿನಲ್ಲಿ ಹುಟ್ಟಲಿ

ಮಲೆನಾಡಿನ ಕಾಡು, ಹೊಳೆ, ಗದ್ದೆ, ತೋಟಗಳ ಭವಿಷ್ಯವನ್ನು ನಿರ್ಧರಿಸುವ ಕಡತಗಳು ಬೆಂಗಳೂರಿನ ಇಲಾಖೆಗಳಲ್ಲಿಯೂ ದೆಹಲಿಯ ಮಂತ್ರಾಲಯಗಳಲ್ಲಿಯೂ ಸಂಚರಿಸುತ್ತಿರುತ್ತವೆ. ಗದ್ದೆಯ ಬದುವಿನಲ್ಲಿ ಸರ್ವೆ ಕಲ್ಲು ನೆಟ್ಟ ಮೇಲೆಯೇ ಯೋಜನೆಯೊಂದು ಬರುತ್ತಿದೆಯೆಂಬ ಸಂಗತಿ ಊರಿನವರಿಗೆ ತಿಳಿಯುವುದು ಇಲ್ಲಿನ ವಾಡಿಕೆ. ಆ ಬಳಿಕ ಮನವಿ, ಧರಣಿ, ಪಾದಯಾತ್ರೆ, ಕೊನೆಗೆ ನ್ಯಾಯಾಲಯ. ಇವೆಲ್ಲವೂ ಅಗತ್ಯವೇ. ಆದರೆ ಕಡತ ಇನ್ನೂ ಅಧಿಕಾರಿಯ ಮೇಜಿನ ಮೇಲಿರುವಾಗಲೇ ಅದನ್ನು ಬೆಳಕಿಗೆ ಎಳೆದು ತರಬಲ್ಲ ಸಾಧನವೊಂದು ಸಂಸದೀಯ ವ್ಯವಸ್ಥೆಯೊಳಗೇ ಇದೆ. ಅದು ಶಾಸಕರು ಹಾಗೂ ಸಂಸದರು ಮಂತ್ರಿಗಳಿಗೆ ಕೇಳುವ ಲಿಖಿತ ಪ್ರಶ್ನೆ. ಖರ್ಚಿಲ್ಲದ, ವಕೀಲರು ಬೇಡದ, ಯಾರ ಅನುಮತಿಯೂ ಇಲ್ಲದೆ ಸಿದ್ಧಪಡಿಸಬಹುದಾದ ಈ ಸಾಧನವನ್ನು ಪರಿಸರ ಚಳವಳಿಗಳು ಇದುವರೆಗೆ ಬಳಸಿಕೊಂಡಿರುವುದು ಅತ್ಯಲ್ಪ. ಈ ಉದಾಸೀನದ ಬೆಲೆಯನ್ನು ಮಲೆನಾಡು ತೆರುತ್ತಲೇ ಬಂದಿದೆ.

ಹಕ್ಕಿನ ಹಿನ್ನೆಲೆ

ಆಳುವವರನ್ನು ಪ್ರಶ್ನಿಸುವ ಹಕ್ಕು ಭಾರತೀಯರಿಗೆ ಸುಲಭವಾಗಿ ದೊರೆತುದಲ್ಲ. 1861ರ ಕಾಯ್ದೆಯಂತೆ ರಚಿತವಾದ ಶಾಸನ ಪರಿಷತ್ತುಗಳಲ್ಲಿ ಸದಸ್ಯರಿಗೆ ಪ್ರಶ್ನೆ ಕೇಳುವ ಅಧಿಕಾರವೇ ಇರಲಿಲ್ಲ. 1892ರ ಕಾಯ್ದೆ ಅದನ್ನು ನೀಡಿತು. ಉಪಪ್ರಶ್ನೆ ಕೇಳುವ ಅವಕಾಶ ಬಂದದ್ದು 1909ರ ಕಾಯ್ದೆಯಿಂದ. 1893ರಲ್ಲಿ ಭಿಂಗಾದ ರಾಜರು ಪರಿಷತ್ತಿನಲ್ಲಿ ಕೇಳಿದ ಮೊದಲ ಪ್ರಶ್ನೆ ಸಾಮ್ರಾಜ್ಯದ ರಾಜನೀತಿಯನ್ನು ಕುರಿತದ್ದಾಗಿರಲಿಲ್ಲ. ಪ್ರವಾಸಕ್ಕೆ ಬರುವ ಅಧಿಕಾರಿಗಳ ಬಿಡಾರಗಳಿಗೆ ಸಾಮಗ್ರಿ ಒದಗಿಸಬೇಕಾದ ಪದ್ಧತಿಯಿಂದ ಹಳ್ಳಿಯ ಅಂಗಡಿಯವರಿಗೆ ಆಗುತ್ತಿದ್ದ ಕಷ್ಟವನ್ನು ಕುರಿತದ್ದಾಗಿತ್ತು. ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಯ ಸದಸ್ಯರೂ ತಮ್ಮ ತಮ್ಮ ಸೀಮೆಯ ಅಹವಾಲುಗಳನ್ನು ದಿವಾನರ ಮುಂದೆ ಇಡುತ್ತಿದ್ದರು. ಹಳ್ಳಿಯ ಕಷ್ಟವನ್ನು ಅಧಿಕಾರದ ಎದುರು ದಾಖಲೆಯಾಗಿ ನಿಲ್ಲಿಸುವುದೇ ಈ ಹಕ್ಕಿನ ಮೂಲ ಉದ್ದೇಶ.

ಸ್ವತಂತ್ರ ಭಾರತದ ಸಂವಿಧಾನ ಈ ಹಕ್ಕಿಗೆ ಗಟ್ಟಿಯಾದ ತಳಹದಿಯನ್ನು ಒದಗಿಸಿತು. ಕೇಂದ್ರದ ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರಬೇಕೆಂದು 75ನೆಯ ವಿಧಿಯೂ, ರಾಜ್ಯದ ಮಂತ್ರಿಮಂಡಲ ವಿಧಾನಸಭೆಗೆ ಹೊಣೆಯಾಗಿರಬೇಕೆಂದು 164ನೆಯ ವಿಧಿಯೂ ಹೇಳುತ್ತವೆ. ಹೊಣೆಗಾರಿಕೆಯೆಂದರೆ ಐದು ವರ್ಷಕ್ಕೊಮ್ಮೆ ಮತ ಯಾಚಿಸುವುದಷ್ಟೇ ಅಲ್ಲ. ಅಧಿವೇಶನದ ಪ್ರತಿದಿನವೂ ಕೇಳಿದ್ದಕ್ಕೆ ಉತ್ತರಿಸುವುದು.

ಚುಕ್ಕೆ ಇರುವುದು, ಇಲ್ಲದಿರುವುದು

ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಎದ್ದು ನಿಂತು ಮೌಖಿಕವಾಗಿ ಉತ್ತರಿಸಬೇಕು. ಸದಸ್ಯರು ಉಪಪ್ರಶ್ನೆಗಳನ್ನು ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ; ಉಪಪ್ರಶ್ನೆಗೆ ಅವಕಾಶವಿಲ್ಲ. ಲೋಕಸಭೆಯಲ್ಲಿ ದಿನವೊಂದಕ್ಕೆ 20 ಚುಕ್ಕೆ ಗುರುತಿನ ಹಾಗೂ 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಸ್ಥಾನವಿದೆ. ಇವುಗಳ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಲಾಗುತ್ತದೆ. ಉತ್ತರ ತೃಪ್ತಿಕರವಾಗದಿದ್ದರೆ ಅದೇ ವಿಷಯದ ಮೇಲೆ ಅರ್ಧ ಗಂಟೆಯ ಚರ್ಚೆಯನ್ನು ಕೋರುವ ಅವಕಾಶವೂ ನಿಯಮಗಳಲ್ಲಿದೆ.

ದೂರದರ್ಶನದಲ್ಲಿ ಕಾಣುವ ಪ್ರಶ್ನೋತ್ತರ ವೇಳೆಯ ಗದ್ದಲವನ್ನು ನೋಡಿದವರಿಗೆ ಚುಕ್ಕೆ ಗುರುತಿನ ಪ್ರಶ್ನೆಯೇ ದೊಡ್ಡದೆಂದು ಅನಿಸಬಹುದು. ಆದರೆ ನಿಜವಾದ ಅಂಕಿಅಂಶಗಳು ಹೊರಬೀಳುವುದು ಹೆಚ್ಚಾಗಿ ಸದ್ದಿಲ್ಲದ ಲಿಖಿತ ಉತ್ತರಗಳಲ್ಲಿ. ಸದನದಲ್ಲಿ ಕೋಲಾಹಲವೆದ್ದು ಕಲಾಪ ಮುಂದೂಡಲ್ಪಟ್ಟರೂ ಆ ದಿನದ ಉತ್ತರಗಳು ಸದನದ ಮುಂದೆ ಮಂಡಿತವಾದ ದಾಖಲೆಗಳಾಗಿಯೇ ಉಳಿಯುತ್ತವೆ. ಅವುಗಳಿಗೆ ಮಂತ್ರಿಯೇ ಹೊಣೆ. ಉದ್ದೇಶಪೂರ್ವಕವಾಗಿ ಸುಳ್ಳು ಹೇಳಿದರೆ ಅದು ಸದನದ ಹಕ್ಕುಚ್ಯುತಿಯಾಗುತ್ತದೆ. ಅಧಿಕಾರಿಯೊಬ್ಬನ ಬಾಯಿಮಾತಿಗೂ ಇದಕ್ಕೂ ಇರುವ ಅಂತರ ಇದೇ.

ಒಂದು ಪ್ರಶ್ನೆ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ 1957ರ ಮುಂದ್ರಾ ಪ್ರಕರಣ ಸಾಕ್ಷಿ. ಆಗಷ್ಟೇ ರಾಷ್ಟ್ರೀಕರಣಗೊಂಡಿದ್ದ ಜೀವ ವಿಮಾ ನಿಗಮವು ಹರಿದಾಸ್ ಮುಂದ್ರಾ ಅವರ ಕಂಪನಿಗಳಲ್ಲಿ ಸುಮಾರು 1.24 ಕೋಟಿ ರೂಪಾಯಿ ತೊಡಗಿಸಿದ ವಿಚಾರ ಲೋಕಸಭೆಯಲ್ಲಿ ಪ್ರಶ್ನೆಗಳ ರೂಪದಲ್ಲಿಯೇ ಮೊದಲು ಕಾಣಿಸಿಕೊಂಡಿತು. ಜಾರಿಕೆಯ ಉತ್ತರಗಳು ಬಂದವು. ಆಡಳಿತ ಪಕ್ಷದವರೇ ಆದ ಫಿರೋಜ್ ಗಾಂಧಿಯವರು ಬೆನ್ನು ಬಿಡದೆ ಆ ವರ್ಷದ ಡಿಸೆಂಬರಿನಲ್ಲಿ ಸದನದ ಮುಂದೆ ವಿವರಗಳನ್ನು ಬಿಡಿಸಿಟ್ಟರು. ನ್ಯಾಯಮೂರ್ತಿ ಛಾಗ್ಲಾ ಅವರ ವಿಚಾರಣೆ ನಡೆದು, 1958ರ ಫೆಬ್ರವರಿಯಲ್ಲಿ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ನೀಡಬೇಕಾಯಿತು. ಪ್ರಶ್ನೆ ಕೇಳುವುದು ವಿರೋಧ ಪಕ್ಷದ ಕೆಲಸವೆಂಬ ಇಂದಿನ ತಿಳಿವಳಿಕೆ ಅಂದು ಇದ್ದಿದ್ದರೆ ಈ ಹಗರಣ ಕಡತದಲ್ಲೇ ಕೊಳೆಯುತ್ತಿತ್ತು.

‘ಬಂದಿದೆ’ ಎಂಬ ಉತ್ತರ

ಪ್ರಶ್ನೆ ಕೇಳಿದ ಮಾತ್ರಕ್ಕೆ ಉತ್ತರ ದೊರೆಯುವುದಿಲ್ಲ. ಕರ್ನಾಟಕದ ವಿಧಾನಮಂಡಲದ ಪ್ರಶ್ನೋತ್ತರಗಳನ್ನು ತಿರುವಿ ಹಾಕಿದವರಿಗೆ ಅವುಗಳ ಭಾಷೆ ಪರಿಚಿತ. ‘ಇಂತಹ ಸಮಸ್ಯೆ ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಎಡಗಡೆಯ ಅಂಕಣ ಕೇಳುತ್ತದೆ; ‘ಬಂದಿದೆ’ ಎಂದು ಬಲಗಡೆಯ ಅಂಕಣ ಹೇಳುತ್ತದೆ. ‘ಕೈಗೊಂಡ ಕ್ರಮಗಳೇನು?’ ಎಂದರೆ ‘ಪ್ರಸ್ತಾವನೆ ಪರಿಶೀಲನೆಯಲ್ಲಿದೆ’. ‘ಇಲ್ಲವಾದಲ್ಲಿ ಕಾರಣಗಳೇನು?’ ಎಂದರೆ ‘ಉದ್ಭವಿಸುವುದಿಲ್ಲ’. ನಾಲ್ಕು ಸಾಲು ಪ್ರಶ್ನೆ, ಮೂರು ಪದ ಉತ್ತರ. ಶಾಸಕರ ಹೆಸರು ಪತ್ರಿಕೆಯಲ್ಲಿ ಬಂದರೆ ಎಲ್ಲರೂ ತೃಪ್ತರು.

ಇದಕ್ಕೆ ಸರ್ಕಾರವನ್ನಷ್ಟೇ ದೂಷಿಸಿ ಪ್ರಯೋಜನವಿಲ್ಲ. ಪ್ರಶ್ನೆಯ ರಚನೆಯಲ್ಲಿಯೇ ದೋಷವಿದೆ. ಪ್ರಯೋಗಾಲಯದಲ್ಲಿ ಪ್ರಶ್ನೆ ಅಸ್ಪಷ್ಟವಾಗಿದ್ದರೆ ಫಲಿತಾಂಶವೂ ಅಸ್ಪಷ್ಟವಾಗುವಂತೆ ಸದನದಲ್ಲಿಯೂ ಆಗುತ್ತದೆ. ‘ಅಡಿಕೆಯ ಎಲೆಚುಕ್ಕಿ ರೋಗದಿಂದ ರೈತರಿಗೆ ನಷ್ಟವಾಗಿರುವುದು ಗಮನಕ್ಕೆ ಬಂದಿದೆಯೇ?’ ಎಂದು ಕೇಳಿದರೆ ‘ಬಂದಿದೆ’ ಎಂಬ ಉತ್ತರವಲ್ಲದೆ ಮತ್ತೇನು ಬರಲು ಸಾಧ್ಯ? ಅದೇ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಬಹುದು: ತಾಲ್ಲೂಕುವಾರು ಎಷ್ಟು ಹೆಕ್ಟೇರಿನ ಸಮೀಕ್ಷೆ ನಡೆದಿದೆ, ಯಾವ ತಿಂಗಳಿನಲ್ಲಿ ನಡೆದಿದೆ, ಶಿಲೀಂಧ್ರನಾಶಕಕ್ಕೆ ಬಿಡುಗಡೆಯಾದ ಹಣವೆಷ್ಟು, ವೆಚ್ಚವಾದುದೆಷ್ಟು, ಅದು ರೈತನ ಕೈ ಸೇರಿದ ದಿನಾಂಕ ಯಾವುದು, ಸಿಂಪರಣೆಯ ಪರಿಣಾಮವನ್ನು ಯಾವ ಸಂಸ್ಥೆ ಅಳೆದಿದೆ. ಮಳೆಗಾಲ ಮುಗಿದ ಮೇಲೆ ಔಷಧಿ ವಿತರಣೆಯಾಗಿದ್ದರೆ ಈ ಪ್ರಶ್ನೆಗೆ ಬರುವ ಉತ್ತರವೇ ಆರೋಪಪಟ್ಟಿಯಾಗುತ್ತದೆ. ಪ್ರಶ್ನೆಯಲ್ಲಿ ಆರೋಪ, ವಾದ, ಅಭಿಪ್ರಾಯ ಇರಕೂಡದೆಂದು ನಿಯಮಗಳೇ ಹೇಳುತ್ತವೆ. ಅದು ಅಡ್ಡಿಯಲ್ಲ, ಒಳ್ಳೆಯ ಪ್ರಶ್ನೆಗೆ ಅವುಗಳ ಅಗತ್ಯವೇ ಇಲ್ಲ.

ಸರ್ಕಾರದ ಬಳಿ ಮಾಹಿತಿಯೇ ಇಲ್ಲವೆಂಬ ಉತ್ತರವೂ ನಿಷ್ಪ್ರಯೋಜಕವಲ್ಲ. 2020ರ ಸೆಪ್ಟೆಂಬರಿನಲ್ಲಿ, ಲಾಕ್‌ಡೌನ್ ಸಮಯದಲ್ಲಿ ಊರಿನತ್ತ ನಡೆದು ಸತ್ತ ವಲಸೆ ಕಾರ್ಮಿಕರೆಷ್ಟು ಎಂಬ ಪ್ರಶ್ನೆಗೆ ಅಂತಹ ಅಂಕಿಅಂಶವನ್ನು ಇಟ್ಟಿಲ್ಲವೆಂದು ಕೇಂದ್ರ ಕಾರ್ಮಿಕ ಮಂತ್ರಾಲಯ ಲೋಕಸಭೆಗೆ ಲಿಖಿತವಾಗಿ ತಿಳಿಸಿತು. 2021ರ ಜುಲೈನಲ್ಲಿ, ಆಮ್ಲಜನಕದ ಕೊರತೆಯಿಂದ ಸಾವು ಸಂಭವಿಸಿದೆಯೆಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲವೆಂದು ಆರೋಗ್ಯ ಮಂತ್ರಾಲಯ ರಾಜ್ಯಸಭೆಗೆ ಉತ್ತರಿಸಿತು. ಎರಡೂ ಉತ್ತರಗಳು ದೇಶದಾದ್ಯಂತ ಆಕ್ರೋಶವನ್ನು ಎಬ್ಬಿಸಿದವು. ಕಣ್ಣೆದುರಿನ ಸಾವುಗಳನ್ನು ಎಣಿಸಲು ಆಳುವವರು ಮನಸ್ಸು ಮಾಡಲಿಲ್ಲವೆಂಬ ಸತ್ಯ ಅವರದೇ ಸಹಿಯೊಂದಿಗೆ ಇತಿಹಾಸದಲ್ಲಿ ದಾಖಲಾಯಿತು. ಮುಂದಿನ ಪ್ರಶ್ನೆ ಅಲ್ಲಿಂದಲೇ ಆರಂಭವಾಗಬೇಕು: ಏಕೆ ಎಣಿಸಲಿಲ್ಲ, ಎಣಿಸುವ ಹೊಣೆ ಯಾರದು?

ಮಲೆನಾಡು ಕೇಳಬೇಕಾದುದು

ಮಲೆನಾಡಿನ ಮಟ್ಟಿಗೆ ಕೇಳಬೇಕಾದ ಪ್ರಶ್ನೆಗಳಿಗೆ ಕೊರತೆಯಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಅನುಷ್ಠಾನವನ್ನೇ ನೋಡಬಹುದು. ರಾಜ್ಯವಾರು ಎಷ್ಟು ಅರ್ಜಿಗಳು ಬಂದವು, ಎಷ್ಟು ಹಕ್ಕುಪತ್ರಗಳು ವಿತರಣೆಯಾದವು ಎಂಬ ಪಟ್ಟಿ ಕೇಂದ್ರ ಬುಡಕಟ್ಟು ವ್ಯವಹಾರಗಳ ಮಂತ್ರಾಲಯ ಸಂಸತ್ತಿಗೆ ನೀಡುವ ಉತ್ತರಗಳಲ್ಲಿ ಮತ್ತೆ ಮತ್ತೆ ಪ್ರಕಟವಾಗುತ್ತ ಬಂದಿದೆ. ಈ ದಶಕದ ಮೊದಲ ವರ್ಷಗಳ ಉತ್ತರಗಳ ಪ್ರಕಾರ ಕರ್ನಾಟಕದಲ್ಲಿ ಸಲ್ಲಿಕೆಯಾದ ಅರ್ಜಿಗಳು ಸುಮಾರು 2.9 ಲಕ್ಷ, ವಿತರಣೆಯಾದ ಹಕ್ಕುಪತ್ರಗಳು 20 ಸಾವಿರವನ್ನೂ ಮುಟ್ಟಿರಲಿಲ್ಲ. ಈ ಅಗಾಧ ಅಂತರ ಸಾರ್ವಜನಿಕರ ಗಮನಕ್ಕೆ ಬಂದದ್ದು ಸಂಸದರ ಪ್ರಶ್ನೆಗಳಿಂದ. ಆದರೆ ರಾಜ್ಯದ ಒಟ್ಟು ಸಂಖ್ಯೆಯಿಂದ ಸಿದ್ದಾಪುರದ ಅಥವಾ ಹೊಸನಗರದ ಅರ್ಜಿದಾರನಿಗೆ ಏನೂ ತಿಳಿಯುವುದಿಲ್ಲ. ತಾಲ್ಲೂಕುವಾರು ತಿರಸ್ಕೃತ ಅರ್ಜಿಗಳೆಷ್ಟು, 75 ವರ್ಷಗಳ ವಾಸದ ಪುರಾವೆ ಇಲ್ಲವೆಂಬ ಕಾರಣಕ್ಕೆ ತಿರಸ್ಕೃತವಾದುವೆಷ್ಟು, ಗ್ರಾಮ ಅರಣ್ಯ ಹಕ್ಕು ಸಮಿತಿ ಒಪ್ಪಿದ ಬಳಿಕ ಮೇಲಿನ ಹಂತದಲ್ಲಿ ಬಿದ್ದುಹೋದುವೆಷ್ಟು, ಲಿಖಿತ ಹಿಂಬರಹ ಕೊಟ್ಟಿರುವುದೆಷ್ಟು — ಇವು ವಿಧಾನಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು.

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರ ಮಾರ್ಚ್‌ನಲ್ಲಿ ಮೊದಲ ಬಾರಿ ಹೊರಟಿತು. 2024ರ ಜುಲೈ 31ರಂದು ಹೊರಟದ್ದು ಆರನೆಯ ಕರಡು. ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶ ಅದರ ವ್ಯಾಪ್ತಿಯಲ್ಲಿದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಹತ್ತು ವರ್ಷಗಳ ಈ ಎಳೆದಾಟದಲ್ಲಿ ವರದಿಯ ಪರವಾಗಿರುವವರೂ ವಿರೋಧಿಸುವವರೂ ಪರಸ್ಪರ ಶಂಕೆಯಿಂದ ನೋಡುವಂತಾಗಿದೆ. ಗ್ರಾಮದ ಪಟ್ಟಿಯನ್ನು ಸ್ಥಳಪರಿಶೀಲನೆಯಿಂದ ಸಿದ್ಧಪಡಿಸಲಾಯಿತೇ ಅಥವಾ ಉಪಗ್ರಹದ ಚಿತ್ರದಿಂದ ಮಾತ್ರವೇ, ಪ್ರತಿ ಕರಡಿಗೂ ಕೊಟ್ಟ 60 ದಿನಗಳ ಅವಧಿಯಲ್ಲಿ ಕರ್ನಾಟಕದಿಂದ ಹೋದ ಆಕ್ಷೇಪಣೆಗಳೆಷ್ಟು, ಅವುಗಳನ್ನು ಯಾರು ಓದಿದರು, ಕನ್ನಡದಲ್ಲಿ ಬರೆದವುಗಳ ಗತಿಯೇನಾಯಿತು ಎಂಬ ಸರಳ ಪ್ರಶ್ನೆಗಳಿಗೆ ಉತ್ತರ ಪಡೆದಿದ್ದರೆ ವದಂತಿಗಳಿಗೆ ಇಷ್ಟು ಅವಕಾಶವಿರುತ್ತಿರಲಿಲ್ಲ. ಸತ್ಯಾಂಶ ಯಾವ ಪಕ್ಷದ ಸೊತ್ತೂ ಅಲ್ಲ.

ಎತ್ತಿನಹೊಳೆ ಯೋಜನೆಯ ಕಥೆಯೂ ಹೀಗೆಯೇ. ಯೋಜನಾ ವರದಿ ಹೇಳಿದ್ದು 24.01 ಟಿ.ಎಂ.ಸಿ. ಅಡಿ ನೀರು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ತಂಡದ ಅಂದಾಜು 9.55 ಟಿ.ಎಂ.ಸಿ. ಅಡಿ. ವೆಚ್ಚ 8,323 ಕೋಟಿ ರೂಪಾಯಿಯಿಂದ ಆರಂಭವಾಗಿ 23 ಸಾವಿರ ಕೋಟಿಯನ್ನು ದಾಟಿತು. ಕುಡಿಯುವ ನೀರಿನ ಯೋಜನೆಯೆಂಬ ಹೆಸರಿನಿಂದಾಗಿ ಅದು ಪರಿಸರ ಅನುಮೋದನೆಯ ಪ್ರಕ್ರಿಯೆಯಿಂದ ಹೊರಗುಳಿಯಿತು. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆಯಾಯಿತು. ಈಗ ವಾದಗಳ ಅಗತ್ಯವಿಲ್ಲ; ಅಳತೆ ಬೇಕು. ಪ್ರತಿ ಅಧಿವೇಶನದಲ್ಲಿಯೂ ಒಬ್ಬ ಶಾಸಕರು ಪ್ರತಿ ಕಿರು ಅಣೆಯಿಂದ ತಿಂಗಳುವಾರು ಎತ್ತಿದ ನೀರೆಷ್ಟು, ಅದಕ್ಕೆ ಉರಿದ ವಿದ್ಯುತ್ತೆಷ್ಟು, ಹೊಳೆಯ ಕೆಳಪಾತ್ರಕ್ಕೆ ಬಿಟ್ಟ ನೀರೆಷ್ಟು ಎಂದು ಕೇಳುತ್ತ ಹೋದರೆ ಕೆಲವೇ ವರ್ಷಗಳಲ್ಲಿ ಯಾರ ಲೆಕ್ಕ ಸರಿಯೆಂಬುದು ಸರ್ಕಾರದ ದಾಖಲೆಯಿಂದಲೇ ತೀರ್ಮಾನವಾಗುತ್ತದೆ. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ ಉದ್ದೇಶಿಸಿರುವ 2,000 ಮೆಗಾವಾಟ್‌ನ ಭೂಗತ ವಿದ್ಯುತ್ ಯೋಜನೆಗೂ ಇಂತಹದೇ ಅಂಕಿಅಂಶಗಳ ಕಾವಲು ಬೇಕಾಗಿದೆ.

ಕೇಳದೆ ಹೋದ ಪ್ರಶ್ನೆಗಳ ಪರಿಣಾಮ ಎಷ್ಟು ಘೋರವಾಗಬಲ್ಲುದೆಂಬುದನ್ನು ಮಂಗನ ಕಾಯಿಲೆ ತೋರಿಸಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗಕ್ಕೆ ಕೊಡುತ್ತಿದ್ದ ಲಸಿಕೆಯ ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ಶೇಕಡಾ 62ರಷ್ಟು ಮಾತ್ರವೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತ್ತು. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಸೀಮೆ ಸಾವುಗಳನ್ನು ಕಂಡಿತು. ಲಸಿಕೆಯನ್ನು ನಿಲ್ಲಿಸಿದ್ದು 2022ರಲ್ಲಿ. 2013ರಿಂದ ಪ್ರತಿವರ್ಷವೂ ಲಸಿಕೆಯ ಸಾಮರ್ಥ್ಯ ಪರೀಕ್ಷೆಯ ಫಲಿತಾಂಶವನ್ನು ಬಿಡದೆ ಕೇಳಿದ್ದರೆ ಹೊಸ ಲಸಿಕೆಯ ಕಾರ್ಯ ಇನ್ನಷ್ಟು ಬೇಗ ಆರಂಭವಾಗುತ್ತಿರಲಿಲ್ಲವೇ? ಕಾಡಿನಂಚಿನ ಮನೆಗಳು ಇದನ್ನು ಕೇಳುವ ಹಕ್ಕನ್ನು ಹೊಂದಿವೆ.

ಭರವಸೆಯ ಬೆನ್ನು ಹತ್ತುವುದು

‘ಪರಿಶೀಲಿಸಲಾಗುವುದು’, ‘ಮಾಹಿತಿಯನ್ನು ಸಂಗ್ರಹಿಸಿ ಸದನದ ಮುಂದಿಡಲಾಗುವುದು’ ಎಂಬ ಮಾತುಗಳನ್ನು ಮಂತ್ರಿಗಳು ಸುಲಭವಾಗಿ ಆಡುತ್ತಾರೆ. ಇವು ಬರಿಯ ಮಾತುಗಳಲ್ಲ. ಸಂಸದೀಯ ಪರಿಭಾಷೆಯಲ್ಲಿ ಇವು ‘ಭರವಸೆ’ಗಳು. ಇವುಗಳನ್ನು ಹಿಂಬಾಲಿಸಲೆಂದೇ ಲೋಕಸಭೆ 1953ರ ಡಿಸೆಂಬರಿನಲ್ಲಿ ಸರ್ಕಾರಿ ಭರವಸೆಗಳ ಸಮಿತಿಯನ್ನು ರಚಿಸಿತು. ಅಲ್ಲಿ ಭರವಸೆಯನ್ನು ಈಡೇರಿಸಲು ಮೂರು ತಿಂಗಳ ಅವಧಿಯಿದೆ. ಕರ್ನಾಟಕದ ವಿಧಾನಮಂಡಲದಲ್ಲಿಯೂ ಭರವಸೆಗಳ ಸಮಿತಿಯಿದೆ. ಒಂದು ಊರಿಗೆ ಸಂಬಂಧಿಸಿದ ಭರವಸೆ ಯಾವ ದಿನ ಯಾವ ಪ್ರಶ್ನೆ ಸಂಖ್ಯೆಯ ಉತ್ತರದಲ್ಲಿ ಬಂದಿತೆಂಬುದನ್ನು ಬರೆದಿಟ್ಟುಕೊಂಡು, ಅವಧಿ ಮೀರಿದಾಗ ಸಮಿತಿಗೆ ಪತ್ರ ಬರೆಯುವ ಕೆಲಸವನ್ನು ಯಾವ ಯುವಕ ಸಂಘವಾದರೂ ಮಾಡಬಹುದು. ಹಾಗೆ ಮಾಡುವವರಿಲ್ಲದ ಕಾರಣವೇ ಭರವಸೆಗಳು ಅಗ್ಗವಾಗಿವೆ.

ಸಾಧನ ಸವೆಯುತ್ತಿದೆ

ಈ ಸಾಧನಕ್ಕೂ ತುಕ್ಕು ಹಿಡಿಯುತ್ತಿರುವುದನ್ನು ಮರೆಮಾಚಬೇಕಾಗಿಲ್ಲ. 2005ರ ಡಿಸೆಂಬರಿನಲ್ಲಿ ಹಣ ಪಡೆದು ಪ್ರಶ್ನೆ ಕೇಳಲು ಒಪ್ಪಿದ 11 ಸಂಸದರನ್ನು ಸಂಸತ್ತು ಉಚ್ಚಾಟಿಸಿತು. ಪ್ರಶ್ನೆಗೂ ಮಾರುಕಟ್ಟೆಯಿದೆಯೆಂದರೆ ಉತ್ತರಕ್ಕೆ ಬೆಲೆಯಿದೆಯೆಂದೇ ಅರ್ಥ. ಆ ಬೆಲೆಯನ್ನು ಉದ್ಯಮಿಗಳು ಅರಿತಿದ್ದಾರೆ, ಹಳ್ಳಿಗರು ಅರಿತಿಲ್ಲ. 2020ರ ಮುಂಗಾರು ಅಧಿವೇಶನದಲ್ಲಿ ಕೋವಿಡ್ ಕಾರಣ ನೀಡಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಡಲಾಯಿತು. ಲಿಖಿತ ಉತ್ತರಗಳಷ್ಟೇ ಉಳಿದವು. ಕರ್ನಾಟಕದಲ್ಲಿ ವರ್ಷಕ್ಕೆ ಕನಿಷ್ಠ 60 ದಿನ ವಿಧಾನಮಂಡಲ ಸೇರಬೇಕೆಂದು 2005ರ ಕಾಯ್ದೆಯೇ ಇದೆ. ಬಹುತೇಕ ವರ್ಷಗಳಲ್ಲಿ ಆ ಸಂಖ್ಯೆ ತಲುಪಿಲ್ಲ. ಸದನ ಸೇರದ ಪ್ರತಿ ದಿನವೂ ಕೇಳದೆ ಉಳಿದ ಪ್ರಶ್ನೆಗಳ ದಿನ.

ಮಾಹಿತಿ ಹಕ್ಕು ಇರುವಾಗ ಸದನದ ಪ್ರಶ್ನೆ ಏಕೆ ಬೇಕೆಂದು ಕೆಲವರು ಕೇಳಬಹುದು. ಎರಡೂ ಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಯ ವಿನಾಯಿತಿಯ ಕೊನೆಯಲ್ಲಿ ಒಂದು ಮಾತು ಇತ್ತು: ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ. ಶಾಸಕನನ್ನೂ ಸಾಮಾನ್ಯನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದ ಆ ಮಾತನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತೆಗೆದುಹಾಕಿತು. 2025ರ ನವೆಂಬರಿನಲ್ಲಿ ಆ ತಿದ್ದುಪಡಿ ಜಾರಿಗೆ ಬಂದಿತು. ಫಲಾನುಭವಿಗಳ ಪಟ್ಟಿ, ಗುತ್ತಿಗೆದಾರರ ಹೆಸರು ಮುಂತಾದವುಗಳನ್ನು ವೈಯಕ್ತಿಕವೆಂದು ಹೇಳಿ ಮುಚ್ಚಿಡುವುದು ಅಧಿಕಾರಿಗೆ ಈಗ ಸುಲಭವಾಗಿದೆ. ಆದುದರಿಂದ ಸದನದ ಪ್ರಶ್ನೆಯ ಮಹತ್ವ ಹಿಂದಿಗಿಂತಲೂ ಹೆಚ್ಚಾಗಿದೆ.

ಆಗಬೇಕಾದ ಕೆಲಸ

ಮಲೆನಾಡಿನ ಪ್ರತಿ ಹಳ್ಳಿಗೂ ಒಬ್ಬ ಶಾಸಕರು, ಒಬ್ಬ ಲೋಕಸಭಾ ಸದಸ್ಯರು, ಅಲ್ಲದೆ ಸ್ಥಳೀಯ ಸಂಸ್ಥೆ, ಪದವೀಧರ ಹಾಗೂ ಶಿಕ್ಷಕರ ಕ್ಷೇತ್ರಗಳಿಂದ ಆರಿಸಿಬಂದ ವಿಧಾನ ಪರಿಷತ್ ಸದಸ್ಯರು ಇದ್ದಾರೆ. ಸ್ಥಳೀಯ ಶಾಸಕರು ಮಂತ್ರಿಯಾಗಿದ್ದರೆ, ಅಥವಾ ತಮ್ಮದೇ ಸರ್ಕಾರವನ್ನು ಪ್ರಶ್ನಿಸಲು ಹಿಂಜರಿದರೆ, ಪರಿಷತ್ತಿನ ಸದಸ್ಯರನ್ನು ಕೇಳಿಕೊಳ್ಳಬಹುದು. ಯಾವ ಪ್ರಶ್ನೆ ಯಾವ ಸದನಕ್ಕೆ ಎಂಬ ವಿವೇಚನೆ ಮುಖ್ಯ. ಕಂದಾಯ ಭೂಮಿ, ತೋಟಗಾರಿಕೆ, ಆರೋಗ್ಯ ಕೇಂದ್ರಗಳ ಪ್ರಶ್ನೆ ಬೆಂಗಳೂರಿಗೆ. ಅರಣ್ಯ ಭೂಮಿಯ ಪರಿವರ್ತನೆಗೆ ಅನುಮೋದನೆ, ಕಾಳುಮೆಣಸು ಮತ್ತು ಅಡಿಕೆಯ ಆಮದು, ಪರಿಸರ ಅಧಿಸೂಚನೆಗಳ ಪ್ರಶ್ನೆ ದೆಹಲಿಗೆ. ತಪ್ಪು ಸದನಕ್ಕೆ ಹೋದ ಪ್ರಶ್ನೆ ಅಂಗೀಕಾರವಾಗುವುದಿಲ್ಲ. ಒಂದು ಪ್ರಶ್ನೆಯಲ್ಲಿ ಒಂದೇ ವಿಷಯವಿರಲಿ. ಲೋಕಸಭೆಯ ಮಿತಿ 150 ಪದಗಳು. ಊರಿನ ಹೆಸರು, ಸರ್ವೆ ನಂಬರು, ಆದೇಶದ ದಿನಾಂಕ, ಮೊತ್ತ ಇವಿಷ್ಟೂ ಇದ್ದರೆ ಜಾರಿಕೊಳ್ಳುವ ಉತ್ತರ ಬರೆಯುವುದು ಕಷ್ಟ.

ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಗ್ರಾಮಸಭೆ ಸೇರಿ ಎರಡು ಪ್ರಶ್ನೆಗಳನ್ನು ನಿರ್ಣಯವಾಗಿ ಅಂಗೀಕರಿಸಿ ಪ್ರತಿನಿಧಿಗೆ ಕಳುಹಿಸಲಿ. ಸೂಚನೆ ನೀಡಲು ಹಲವು ದಿನಗಳ ಮುಂಗಡ ಬೇಕಾದ್ದರಿಂದ ತಡ ಸಲ್ಲದು. ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಕ್ಷೇತ್ರದ ಶಾಸಕರು ಹಿಂದಿನ ಅಧಿವೇಶನದಲ್ಲಿ ಕೇಳಿದ ಪ್ರಶ್ನೆಗಳೆಷ್ಟು, ಅವುಗಳಲ್ಲಿ ಕಾಡು, ನೀರು, ಕೃಷಿಗೆ ಸಂಬಂಧಿಸಿದವೆಷ್ಟು, ಉತ್ತರಗಳೇನು ಎಂಬುದನ್ನು ಪಟ್ಟಿಮಾಡಿ ಪಂಚಾಯಿತಿಯ ಫಲಕದಲ್ಲಿ ಅಂಟಿಸಲಿ. ವಿಧಾನಮಂಡಲದ ಉತ್ತರಗಳು ಕನ್ನಡದಲ್ಲಿಯೇ ಇರುವುದರಿಂದ ಓದಲು ತೊಡಕಿಲ್ಲ. ಚುನಾವಣೆಯ ಸಮಯದಲ್ಲಿ ರಸ್ತೆ, ಸಮುದಾಯ ಭವನಗಳ ಲೆಕ್ಕ ಕೇಳುವ ಮತದಾರ ಪ್ರಶ್ನೆಗಳ ಲೆಕ್ಕವನ್ನೂ ಕೇಳತೊಡಗಿದರೆ ಪ್ರತಿನಿಧಿಗಳ ನಡವಳಿಕೆ ಬದಲಾಗದೆ ಇರದು.

ಪ್ರಶ್ನೆಯೊಂದರಿಂದ ಕಾಡು ಉಳಿಯುತ್ತದೆಂದು ಯಾರೂ ಹೇಳಲಾರರು. ಬೀದಿಯ ಹೋರಾಟಕ್ಕೆ ಅದು ಪರ್ಯಾಯವೂ ಅಲ್ಲ. ಆದರೆ ದಾಖಲೆಯಿಲ್ಲದ ಹೋರಾಟ ಆವೇಶವಾಗಿ ಆರಿಹೋಗುತ್ತದೆ. ಸರ್ಕಾರದ್ದೇ ಉತ್ತರವನ್ನು ಕೈಯಲ್ಲಿ ಹಿಡಿದ ಹೋರಾಟ ನ್ಯಾಯಾಲಯದಲ್ಲಿಯೂ ಬೀದಿಯಲ್ಲಿಯೂ ನಿಲ್ಲುತ್ತದೆ. ಮುಂದಿನ ಅಧಿವೇಶನಕ್ಕೆ ಮೊದಲು ಪ್ರತಿ ಪಂಚಾಯಿತಿಯಿಂದ ಕನಿಷ್ಠ ಎರಡು ಪ್ರಶ್ನೆಗಳು ಹೊರಡಲಿ. ಉತ್ತರ ಬಂದರೆ ಓದೋಣವಾಗಲಿ, ಬಾರದಿದ್ದರೆ ಮತ್ತೆ ಕೇಳೋಣವಾಗಲಿ.